ಕರ್ನಾಟಕದಲ್ಲಿ ಒಟ್ಟು ಎಷ್ಟು ಸಂಘ ಸಂಸ್ಥೆಗಳಿವೆ? ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಿದ್ದಾರೆ

ಹಾಸನದ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಹಾಸನದಲ್ಲಿ ಎಂಎಸ್‌ಡಬ್ಲ್ಯು (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಎರಡನೇ ವರ್ಷ ಓದುತ್ತಿದ್ದೇನೆ. ಮೇಡಂ ನನಗೆ ಕೊಟ್ಟಿರುವ ವಿಷಯ "ಕರ್ನಾಟಕದ ಸ್ವಯಂಸೇವಾ ವಲಯದ ಗಾತ್ರ ಮತ್ತು ವೈವಿಧ್ಯ". ಕೇಳೋಕೆ ಸುಲಭ, ಒಂದು ಸಂಖ್ಯೆ ಹಾಕಿ, ಕೆಳಗೆ ನಾಲ್ಕು ವಿಧ ಬರೆದರೆ ಮುಗೀತು ಅಂದುಕೊಂಡಿದ್ದೆ.

ಆ ಒಂದು ಸಂಖ್ಯೆಯೇ ಸಿಗುತ್ತಿಲ್ಲ. ಒಂದು ಕಡೆ ನೋಡಿದರೆ ಲಕ್ಷದಲ್ಲಿದೆ, ಇನ್ನೊಂದು ಕಡೆ ಸಾವಿರದಲ್ಲಿದೆ. ಬೇಸರ ಬಂದು ಹೋದ ಭಾನುವಾರ ನಾನೂ ನನ್ನ ರೂಮ್‌ಮೇಟೂ ಎನ್.ಆರ್. ಸರ್ಕಲ್ ಸುತ್ತ ನಾಲ್ಕು ರಸ್ತೆ ನಡೆದು ಬೋರ್ಡುಗಳನ್ನೇ ಎಣಿಸಿದೆವು. 34 ಸಿಕ್ಕವು. ಆಟೋ ಚಾಲಕರ ಸಂಘ, ನಿವೃತ್ತ ನೌಕರರ ಸಂಘ, ಜಾತಿ ಸಂಘದ ವಿದ್ಯಾರ್ಥಿನಿಲಯ ಎರಡು, ಪತ್ತಿನ ಸಹಕಾರ ಸಂಘ ನಾಲ್ಕು, ಗಣಪತಿ ಸೇವಾ ಸಮಿತಿ, ರಕ್ತದಾನಿಗಳದ್ದು ಒಂದು, ಯೋಗದ್ದು ಒಂದು, ಕನ್ನಡ ಸಂಘಟನೆಗಳು ಐದಾರು. "ಎನ್‌ಜಿಒ" ಅಂತ ಬರೆದುಕೊಂಡಿದ್ದು ಒಂದೇ ಒಂದು, ಅದಕ್ಕೂ ಬೀಗ ಹಾಕಿತ್ತು, ಬೀಗಕ್ಕೆ ತುಕ್ಕು ಹಿಡಿದಿತ್ತು.

ಈಗ ಇದರಲ್ಲಿ ಯಾವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ, ಯಾವುದನ್ನು ಬಿಡಲಿ? ರಾಜ್ಯದ ಸರಿಯಾದ ಸಂಖ್ಯೆ ಯಾರ ಹತ್ತಿರ ಇರುತ್ತದೆ? ಗೊತ್ತಿದ್ದವರು ದಯವಿಟ್ಟು ಹೇಳಿ. ಮುಂದಿನ ತಿಂಗಳು 10ಕ್ಕೆ ಕೊಡಬೇಕು.

ಲೆಕ್ಕದ ಮನುಷ್ಯ, ಚಿಕ್ಕಮಗಳೂರು

ತಂಗಿ, ನಿಮ್ಮ 34 ಬೋರ್ಡಿನ ಲೆಕ್ಕ ಬಹಳ ಇಷ್ಟವಾಯಿತು, ಅದನ್ನು ಕೈ ಬಿಡಬೇಡಿ. ನಾನು ಆಡಿಟರ್ ಆಫೀಸಿನಲ್ಲಿ ಇಪ್ಪತ್ತು ವರ್ಷದಿಂದ ಇದ್ದೇನೆ, ಸಂಘ ಮತ್ತು ಟ್ರಸ್ಟ್‌ಗಳ ಫೈಲೇ ನನ್ನ ಮೇಜಿಗೆ ಬರುವುದು.

ಮೊದಲ ಮಾತು, ರಾಜ್ಯಕ್ಕೆ ಅಂತ ಒಂದು ಪುಸ್ತಕ ಇಲ್ಲ. ಬೇರೆ ಬೇರೆ ಆಫೀಸಿನಲ್ಲಿ ಬೇರೆ ಬೇರೆ ಪುಸ್ತಕ. ನೀವು ಯಾವ ಪುಸ್ತಕ ತೆಗೆಯುತ್ತೀರೋ ಆ ಸಂಖ್ಯೆ ಬರುತ್ತದೆ.

ಸಂಘ ಅಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಏಳು ಜನ ಸೇರಿ ಬೈಲಾ ಬರೆದು ಡಿಆರ್ (ಸಂಘಗಳ ಜಿಲ್ಲಾ ನೋಂದಣಾಧಿಕಾರಿ) ಆಫೀಸಿಗೆ ಕೊಟ್ಟರೆ ಸಂಘ ಹುಟ್ಟಿತು. ನಮ್ಮಲ್ಲಿ ಇದನ್ನು ನೋಡಿಕೊಳ್ಳುವುದು ಸಹಕಾರ ಇಲಾಖೆಯೇ, ಅದಕ್ಕೇ ಜನರಿಗೆ ಗೊಂದಲ. ಹಳ್ಳಿಯಲ್ಲಿ "ಸೊಸೈಟಿ" ಅಂದರೆ ಸಾಲ ಕೊಡುವ, ಗೊಬ್ಬರ ಕೊಡುವ, ರೇಷನ್ ಕೊಡುವ ಸೊಸೈಟಿ. ಅದು 1959ರ ಸಹಕಾರ ಸಂಘಗಳ ಕಾಯ್ದೆಯದ್ದು, ಬೇರೆ ಜಾತಿ. ಅಲ್ಲಿ ಷೇರು ಉಂಟು, ಡಿವಿಡೆಂಡ್ ಉಂಟು, ಹಾಲಿನ ಡೈರಿಯಲ್ಲಿ ಬೋನಸ್ ಹಂಚುತ್ತಾರೆ. ಉಳಿದ ದುಡ್ಡನ್ನು ಸದಸ್ಯರು ಹಂಚಿಕೊಳ್ಳಬಹುದು ಅಂದ ಮೇಲೆ ಅದು ನಿಮ್ಮ ವಿಷಯಕ್ಕೆ ಬರುವುದಿಲ್ಲ. ನಿಮ್ಮ 34ರಲ್ಲಿ ಆ ನಾಲ್ಕು ಪತ್ತಿನ ಸಂಘಗಳನ್ನು ಕಳೆಯಿರಿ. ಆಟೋ ಚಾಲಕರದ್ದು ಕಾರ್ಮಿಕ ಇಲಾಖೆಯಲ್ಲಿ ಯೂನಿಯನ್ ಆಗಿ ನೋಂದಣಿ ಆಗಿರಬಹುದು, ಕೇಳಿ ನೋಡಿ.

ಟ್ರಸ್ಟ್ ಇನ್ನೊಂದು ಕಥೆ. ಅದು ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಆಗುತ್ತದೆ, ಸೈಟು ಜಮೀನಿನ ಪತ್ರಗಳು ನೋಂದಣಿಯಾಗುವ ಅದೇ ಕಿಟಕಿಯಲ್ಲಿ. ಪತ್ರ ನೋಂದಣಿ ಆಯಿತು, ಅಲ್ಲಿಗೆ ಅವರ ಕೆಲಸ ಮುಗಿಯಿತು. ಆಮೇಲೆ ಆ ಟ್ರಸ್ಟ್ ಬದುಕಿದೆಯೋ ಇಲ್ಲವೋ ಅಂತ ಆ ಆಫೀಸು ಕೇಳುವುದಿಲ್ಲ. ಮಹಾರಾಷ್ಟ್ರದಲ್ಲಿ ಇದಕ್ಕೆ ಅಂತಲೇ ಚಾರಿಟಿ ಕಮಿಷನರ್ ಇದ್ದಾರೆ, ನಮ್ಮಲ್ಲಿ ಅಂಥದ್ದಿಲ್ಲ. ಎಲ್ಲರೂ "1882ರ ಟ್ರಸ್ಟ್ ಕಾಯ್ದೆ" ಎನ್ನುತ್ತಾರೆ, ಅದು ಖಾಸಗಿ ಟ್ರಸ್ಟ್‌ಗಳಿಗೆ ಮಾಡಿದ್ದು. ಆದರೂ ನಮ್ಮ ಆಫೀಸಿಗೆ ಬರುವ ಟ್ರಸ್ಟ್ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದನ್ನೇ ಬರೆದಿರುತ್ತಾರೆ. ಹಳೆಯ ಪತ್ರ ನೋಡಿ ಕಾಪಿ ಹೊಡೆಯುವುದು, ಅಷ್ಟೇ.

ದೊಡ್ಡವರು ಕಂಪನಿ ಕಾಯ್ದೆಯ ಸೆಕ್ಷನ್ 8ರಲ್ಲಿ, ಅಂದರೆ ಲಾಭ ಹಂಚದ ಕಂಪನಿಯಾಗಿ, ಮಾಡಿಕೊಳ್ಳುತ್ತಾರೆ, ಮಲೆನಾಡಿನಲ್ಲಿ ಅಪರೂಪ. ದೇವಸ್ಥಾನಗಳು ಮುಜರಾಯಿಯಲ್ಲಿ, 34 ಸಾವಿರಕ್ಕೂ ಜಾಸ್ತಿ. ಅದರಲ್ಲಿ ಬಹುಪಾಲು ಸಿ ವರ್ಗದವು, ವರ್ಷಕ್ಕೆ 5 ಲಕ್ಷ ಕೂಡ ಆದಾಯ ಇಲ್ಲದವು. ಅವನ್ನು ಸರ್ಕಾರದ್ದು ಅಂತ ಬಿಡುತ್ತೀರೋ, ಜನರದ್ದು ಅಂತ ಸೇರಿಸುತ್ತೀರೋ ನಿಮ್ಮ ಮೇಡಂ ಹತ್ತಿರ ಕೇಳಿ. ನಾನು ಹೇಳುವುದಿಲ್ಲ, ಹೇಳಿದರೆ ಇಲ್ಲೇ ಜಗಳ ಶುರುವಾಗುತ್ತದೆ.

ಇನ್ನು ಲಕ್ಷದ ಲೆಕ್ಕ. ಕೇಂದ್ರದ ಅಂಕಿಅಂಶ ಇಲಾಖೆ ಒಂದು ಸಲ ದೇಶದ ಎಲ್ಲ ಸೊಸೈಟಿಗಳನ್ನು (ಸಹಕಾರಿ ಸೊಸೈಟಿಯಲ್ಲ, ಲಾಭ ಹಂಚದ ಸಂಘಗಳು) ಎಣಿಸೋಕೆ ಹೊರಟಿತ್ತು. 2008ರವರೆಗೆ ನೋಂದಣಿ ಆಗಿದ್ದು 31.74 ಲಕ್ಷ. ಅದರಲ್ಲಿ 22 ಲಕ್ಷಕ್ಕೂ ಜಾಸ್ತಿ ಸೊಸೈಟಿಗಳ ವಿಳಾಸ ಹಿಡಿದು ಹುಡುಕಿದರು. ಸಿಕ್ಕಿದ್ದು 6.94 ಲಕ್ಷ. ಅಂದರೆ ಮೂರು ಬಾಗಿಲು ತಟ್ಟಿದರೆ ಒಂದು ತೆರೆಯಿತು. ನೀವು ನೋಡಿದ ಆ ತುಕ್ಕು ಬೀಗ ಇದೆಯಲ್ಲ, ಅದೇ ಇದು.

ಸಂತೆಪೇಟೆ

ಇಷ್ಟೆಲ್ಲ ಯಾಕೆ? ಎಲ್ಲ ಬಿಲ್ ಮಾಡೋಕೆ ಇರುವ ಸಂಘಗಳು. ನಮ್ಮ ಬೀದಿಯಲ್ಲೇ ಒಬ್ಬರು ಹೊಲಿಗೆ ತರಬೇತಿ ಅಂತ ಹೆಣ್ಣುಮಕ್ಕಳ ಹತ್ತಿರ ತಲಾ ಐನೂರು ತೆಗೆದುಕೊಂಡರು, ಮೂರು ದಿನ ಕ್ಲಾಸು ಮಾಡಿ ಫೋಟೋ ತೆಗೆಸಿ ಹೋದರು, ಮೆಷಿನ್ನೂ ಇಲ್ಲ ಸರ್ಟಿಫಿಕೇಟೂ ಇಲ್ಲ. ನನ್ನ ತಂಗಿಯೂ ಕೊಟ್ಟಿದ್ದಳು. 31 ಲಕ್ಷ ಇರಲಿ 6 ಲಕ್ಷ ಇರಲಿ, ಕೆಲಸ ಮಾಡುವವು ಬೆರಳೆಣಿಕೆ. ಹಾಗಂತ ಬರೆದು ಕೊಡಮ್ಮ, ಪಾಸ್ ಮಾಡುತ್ತಾರೆ.

ಬೇಲೂರು ಕಡೆಯವಳು

ಸಂತೆಪೇಟೆಯವರೇ, ನಿಮ್ಮ ತಂಗಿಗೆ ಆಗಿದ್ದು ಅನ್ಯಾಯವೇ, ಇಲ್ಲ ಅನ್ನುವುದಿಲ್ಲ. ಆದರೆ ಬೀಗ ಬಿದ್ದ ಸಂಘ ಎಲ್ಲ ಕಳ್ಳ ಸಂಘ ಅಲ್ಲ, ಅದನ್ನು ಹೇಳೋಕೆ ಇಷ್ಟುದ್ದ ಬರೆಯುತ್ತಿದ್ದೇನೆ.

ನಾನು ನಮ್ಮೂರ ಮಹಿಳಾ ಮಂಡಳಿಯ ಕಾರ್ಯದರ್ಶಿ. ಕಾಗದದ ಮೇಲೆ ಇನ್ನೂ ಕಾರ್ಯದರ್ಶಿ. ನಮ್ಮ ಅತ್ತೆಯವರ ಕಾಲದಲ್ಲಿ ನೋಂದಣಿ ಮಾಡಿಸಿದ್ದು. ಆಗ ಊರಲ್ಲಿ ಅಂಗನವಾಡಿ ಇರಲಿಲ್ಲ, ಮಂಡಳಿಯವರೇ ದೇವಸ್ಥಾನದ ಜಗಲಿ ಮೇಲೆ ಶಿಶುವಿಹಾರ ನಡೆಸುತ್ತಿದ್ದರು. ಎರಡು ಹೊಲಿಗೆ ಮೆಷಿನ್ ಇತ್ತು, ದಸರಾಕ್ಕೆ ಭಜನೆ, ಬೇಸಿಗೆಯಲ್ಲಿ ಹಪ್ಪಳ ಸಂಡಿಗೆ ಮಾಡಿ ಮಾರಿ ಬಂದ ದುಡ್ಡಲ್ಲಿ ಬಡ ಹುಡುಗಿಯರಿಗೆ ಪುಸ್ತಕ. ಆಮೇಲೆ ಅಂಗನವಾಡಿ ಬಂತು. ಖಜಾಂಚಿ ಮಗಳ ಮನೆಗೆ ಬೆಂಗಳೂರಿಗೆ ಹೋದರು. ಅಧ್ಯಕ್ಷರು ತೀರಿಕೊಂಡರು. ನಾವು ಸಭೆ ಮಾಡುತ್ತಲೇ ಇದ್ದೆವು, ಆದರೆ ವರ್ಷ ವರ್ಷ ಪದಾಧಿಕಾರಿಗಳ ಪಟ್ಟಿ ಮತ್ತು ಲೆಕ್ಕ ಕೊಡಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ.

ಆರು ವರ್ಷದ ಹಿಂದೆ ಶಾಸಕರ ನಿಧಿಯಲ್ಲಿ ಒಂದು ಕೊಠಡಿ ಆಗಬಹುದು ಅಂತ ಯಾರೋ ಹೇಳಿದರು. ಕಾಗದ ಹಿಡಿದು ಆಫೀಸಿಗೆ ಹೋದೆ. ಅಷ್ಟೂ ವರ್ಷದ ಪಟ್ಟಿ ತನ್ನಿ, ಅಷ್ಟೂ ವರ್ಷದ ಲೆಕ್ಕ ಆಡಿಟ್ ಮಾಡಿಸಿ, ದಂಡ ಕಟ್ಟಿ ಅಂದರು. ನಮ್ಮ ವರ್ಷದ ವಹಿವಾಟೇ ನಾಲ್ಕು ಸಾವಿರ ದಾಟುತ್ತಿರಲಿಲ್ಲ. ಅದರ ಆಡಿಟ್‌ಗೆ ಅದಕ್ಕಿಂತ ಜಾಸ್ತಿ ಕೇಳಿದರು. ವಾಪಸ್ ಬಂದುಬಿಟ್ಟೆ. ಠರಾವು ಪುಸ್ತಕ, ರಶೀದಿ ಪುಸ್ತಕ, ಮುದ್ರೆ ಎಲ್ಲ ಟ್ರಂಕಲ್ಲಿ ಇಟ್ಟಿದ್ದೇವೆ. ಮಂಡಳಿಯನ್ನು ಮುಚ್ಚೋಕೂ ಒಂದು ಕ್ರಮ ಇದೆಯಂತೆ, ಅದಕ್ಕೂ ಸಭೆ, ಠರಾವು, ಕಾಗದ. ಹಾಗಾಗಿ ಅದು ಮುಚ್ಚಿಲ್ಲ, ತೆರೆದೂ ಇಲ್ಲ.

ಈಗ ಹಾಸನದ ಹುಡುಗಿಗೆ ಒಂದು ಮಾತು. ನಮ್ಮನ್ನು ಹೇಗೆ ಎಣಿಸುತ್ತೀಯಮ್ಮ? ಮಂಡಳಿಯಲ್ಲಿದ್ದ ಹದಿನಾಲ್ಕು ಜನರಲ್ಲಿ ಒಂಬತ್ತು ಜನ 2001ರ ಹೊತ್ತಿಗೆ ಸ್ತ್ರೀಶಕ್ತಿ ಸಂಘಕ್ಕೆ ಸೇರಿದೆವು. ಅದೇ ಹೆಂಗಸರು ಧರ್ಮಸ್ಥಳದ ಸಂಘದಲ್ಲೂ ಇದ್ದೇವೆ. ಈಚೆಗೆ ಪಂಚಾಯ್ತಿಯಿಂದ ಸಂಜೀವಿನಿ ಒಕ್ಕೂಟ ಅಂತ ಮಾಡಿದರು, ಅದರಲ್ಲೂ ನಾವೇ. ಸೋಮವಾರ ಒಂದು ಸಂಘ, ಗುರುವಾರ ಒಂದು ಸಂಘ, ಕೂರುವ ಜಮಖಾನ ಒಂದೇ. ನಿನ್ನ ಲೆಕ್ಕದಲ್ಲಿ ನಾಲ್ಕು ಸಂಘ ಆಗುತ್ತದೆ, ನಮ್ಮ ಲೆಕ್ಕದಲ್ಲಿ ಒಂದೇ ಗುಂಪು ಹೆಂಗಸರು.

ಲೆಕ್ಕದ ಮನುಷ್ಯ, ಚಿಕ್ಕಮಗಳೂರು

ಅಕ್ಕ, ನೀವು ಬರೆದಿದ್ದು ಓದಿ ನನಗೇ ಸ್ವಲ್ಪ ಮುಜುಗರ ಆಯಿತು, ಯಾಕೆಂದರೆ ಅಂಥ ಸಣ್ಣ ಸಂಘದವರು ಬಂದಾಗ ನಾವೂ ಅಷ್ಟೇ ಕೇಳುತ್ತೇವೆ. ಕೆಲಸ ದೊಡ್ಡ ಸಂಘದ್ದೂ ಅಷ್ಟೇ, ಸಣ್ಣದ್ದೂ ಅಷ್ಟೇ. ಆದರೂ ನೀವು ಹೇಳಿದ್ದು ನ್ಯಾಯ.

ಒಂದು ಸೇರಿಸುತ್ತೇನೆ. 2015ರಲ್ಲಿ ಸಿಬಿಐ ಸುಪ್ರೀಂ ಕೋರ್ಟಿಗೆ ದೇಶದ ಎನ್‌ಜಿಒಗಳ ಲೆಕ್ಕ ಕೊಟ್ಟಿತ್ತು, ಅಲ್ಲೂ 31 ಲಕ್ಷದ ಆಸುಪಾಸು. ಲೆಕ್ಕಪತ್ರ ಸಲ್ಲಿಸುವವರು ನೂರಕ್ಕೆ ಹತ್ತೂ ಇಲ್ಲ ಅಂತ ಪೇಪರಿನಲ್ಲೆಲ್ಲ ದೊಡ್ಡ ಸುದ್ದಿ. ಎಲ್ಲರೂ ಓದಿ "ನೂರಕ್ಕೆ ತೊಂಬತ್ತು ಕಳ್ಳರು" ಅಂದರು. ಆ ತೊಂಬತ್ತರಲ್ಲಿ ಈ ಅಕ್ಕನ ಟ್ರಂಕು ಎಷ್ಟಿವೆಯೋ ಯಾರೂ ಕೇಳಲಿಲ್ಲ. ಮಜಾ ಅಂದರೆ ಕರ್ನಾಟಕದ ಲೆಕ್ಕ ಆ ಪಟ್ಟಿಗೆ ಆಗ ಇನ್ನೂ ಸೇರಿಯೇ ಇರಲಿಲ್ಲ, ಬಾಕಿ ಉಳಿದ ಮೂರು ರಾಜ್ಯಗಳಲ್ಲಿ ನಮ್ಮದೂ ಒಂದು. ಹಾಗಾಗಿ ಯಾರಾದರೂ ಆ ವರದಿ ತೋರಿಸಿ ಕರ್ನಾಟಕದ ಸಂಖ್ಯೆ ಇದು ಅಂದರೆ ನಂಬಬೇಡಿ.

ತೋಟದ ಮನೆ, ಮೂಡಿಗೆರೆ

ಒಂದು ತಮಾಷೆ ಗಮನಿಸಿ. ನಮ್ಮ ಕಡೆ ಕ್ಲಬ್‌ಗಳಿವೆ, ಟೆನ್ನಿಸ್ ಕೋರ್ಟು, ಬಾರು, ರಮ್ಮಿ ಟೇಬಲ್ಲು. ಅಂಥವೂ ಬಹಳಷ್ಟು ಇದೇ 1960ರ ಕಾಯ್ದೆಯಲ್ಲೇ ನೋಂದಣಿ ಆಗಿರುತ್ತವೆ. ಅಂಧ ಮಕ್ಕಳ ಶಾಲೆಯೂ ಅದೇ ಪುಸ್ತಕ, ರಮ್ಮಿ ಟೇಬಲ್ಲೂ ಅದೇ ಪುಸ್ತಕ. ಲಾಭ ಹಂಚಿಕೊಳ್ಳುವುದಿಲ್ಲ, ಅಷ್ಟೇ ಸಾಕು. ಲಾಭ ಇಲ್ಲದ್ದು ಬೇರೆ, ಸೇವೆ ಮಾಡುವುದು ಬೇರೆ. ಕಾಫಿ ಬೆಳೆಗಾರರ ಸಂಘಗಳನ್ನೇ ನೋಡಿ. ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್ 1958ರಿಂದ ಇದೆ, ಚಿಕ್ಕಮಗಳೂರಿನಲ್ಲೇ ಕಚೇರಿ. ಬೆಲೆ, ಸಾಲ, ಆನೆ ಹಾವಳಿ, ಕೂಲಿ, ಇದೆಲ್ಲ ಅಲ್ಲಿ ಮಾತಾಡುತ್ತಾರೆ. ದಾನ ಧರ್ಮಕ್ಕೆ ಕಟ್ಟಿದ್ದಲ್ಲ, ತಮ್ಮ ಕೆಲಸಕ್ಕೆ ತಾವೇ ಕಟ್ಟಿಕೊಂಡಿದ್ದು. ಅದನ್ನು ಬಿಟ್ಟು ವೈವಿಧ್ಯ ಬರೆದರೆ ಮಲೆನಾಡು ಬಿಟ್ಟ ಹಾಗೆ.

ಹತ್ತು ವರ್ಷ ಫೀಲ್ಡಲ್ಲಿ

ನಾನು ಮೈಸೂರು, ಹಾಸನ ಕಡೆ ಸಂಸ್ಥೆಗಳಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದೇನೆ, ಈಗ ಬಿಟ್ಟಿದ್ದೇನೆ. ಸಂಖ್ಯೆಯನ್ನು ಸರ್ ಚೆನ್ನಾಗಿ ಹೇಳಿದರು. ನಾನು ದುಡ್ಡಿನ ಕಡೆಯಿಂದ ಹೇಳುತ್ತೇನೆ, ಯಾಕೆಂದರೆ ಸಂಖ್ಯೆಯಲ್ಲಿ ದೊಡ್ಡದು ಯಾವುದೋ, ದುಡ್ಡಿನಲ್ಲಿ ದೊಡ್ಡದು ಯಾವುದೋ.

ದುಡ್ಡಿನಲ್ಲಿ ದೊಡ್ಡವು ಕಾಲೇಜು, ಆಸ್ಪತ್ರೆ, ಮಠ. ಇದನ್ನು ನಾವು ಎನ್‌ಜಿಒ ಅನ್ನುವುದೇ ಇಲ್ಲ, ಅಲ್ವಾ? ಆದರೆ ಖಾಸಗಿ ಶಾಲೆ ಕಾಲೇಜುಗಳು ಟ್ರಸ್ಟ್ ಅಥವಾ ಸೊಸೈಟಿ ಹೆಸರಲ್ಲೇ ನಡೆಯುವುದು, ಡೊನೇಷನ್ ತೆಗೆದುಕೊಳ್ಳುವವೂ ಅಷ್ಟೇ, ಕಾಗದದ ಮೇಲೆ ಎಲ್ಲವೂ ಲಾಭ ಇಲ್ಲದವು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳಿಗೆ ಊಟ ವಸತಿ ಪಾಠ, ಆದಿಚುಂಚನಗಿರಿಯವರ ಕಾಲೇಜುಗಳು ಹಾಸನದಲ್ಲೂ ಇವೆ ಚಿಕ್ಕಮಗಳೂರಲ್ಲೂ ಇವೆ, ಹೊರನಾಡಿಗೆ ಹೋಗಿ ಊಟ ಮಾಡದೆ ಬಂದವರನ್ನು ನಾನಂತೂ ನೋಡಿಲ್ಲ. ಇದನ್ನೆಲ್ಲ ಬಿಟ್ಟು ಜೀಪಲ್ಲಿ ಬರುವವರನ್ನು ಮಾತ್ರ ಎಣಿಸಿದರೆ ಅದು ಕರ್ನಾಟಕದ ಚಿತ್ರ ಆಗುವುದಿಲ್ಲ.

ಆಮೇಲೆ ನಿಜವಾಗಿ ಎನ್‌ಜಿಒ ಅನ್ನಿಸಿಕೊಳ್ಳುವವು. ಅಲ್ಲೂ ಒಂದರ ಹಾಗೆ ಇನ್ನೊಂದಿಲ್ಲ. ಮೈರಾಡ 1968ರಲ್ಲಿ ಟಿಬೆಟ್ಟಿನಿಂದ ಬಂದವರಿಗೆ ನೆಲೆ ಮಾಡಿಕೊಡೋಕೆ ಶುರುವಾಗಿದ್ದು, ಹೆಸರಲ್ಲೇ ಮೈಸೂರು ರೀಸೆಟಲ್‌ಮೆಂಟ್ ಅಂತಿದೆ. 80ರ ದಶಕದಲ್ಲಿ ಅವರು ಕಟ್ಟಿದ ಉಳಿತಾಯದ ಗುಂಪುಗಳೇ ಮುಂದೆ ದೇಶದ ಸ್ವಸಹಾಯ ಗುಂಪುಗಳಿಗೆ ಒಂದು ದಾರಿ ಆಯಿತು. ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ 1992ರಲ್ಲಿ ಈ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ತಂದಿದ್ದರ ಹಿಂದೆ ಆ ಅನುಭವ ಇತ್ತು. ಬೇಲೂರು ಅಕ್ಕನ ಜಮಖಾನದ ಬೇರು ಅಲ್ಲಿಯವರೆಗೆ ಹೋಗುತ್ತದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ 1982ರಲ್ಲಿ ಬೆಳ್ತಂಗಡಿಯಲ್ಲಿ ಶುರುವಾಗಿ ಘಟ್ಟ ಹತ್ತಿ ಬಂದಿದ್ದು. ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ 1984ರಲ್ಲಿ ಮೈಸೂರಿನ ಮೆಡಿಕಲ್ ವಿದ್ಯಾರ್ಥಿಗಳು ಕಟ್ಟಿದ್ದು, ಎಚ್.ಡಿ. ಕೋಟೆಯ ಕಾಡಿನ ಜನರ ನಡುವೆ ಬೆಳೆಯಿತು. ಅಕ್ಷಯ ಪಾತ್ರ 2000ದಲ್ಲಿ ಬೆಂಗಳೂರಿನ ಐದು ಶಾಲೆ, 1,500 ಮಕ್ಕಳಿಂದ ಶುರು. ಕನ್ನಡ ಸಾಹಿತ್ಯ ಪರಿಷತ್ತು ಇನ್ನೂ ಹಿಂದಿನದು, 1915. ಪರಿಷತ್ತಿನ ಚುನಾವಣೆ ಹಾಸನದಲ್ಲಿ ಹೇಗೆ ನಡೆಯುತ್ತದೆ ಅಂತ ಗೊತ್ತಿದ್ದವರಿಗೆ ಸ್ವಯಂಸೇವಾ ವಲಯದಲ್ಲಿ ಎಷ್ಟು ಜೀವ ಇದೆ ಅಂತ ಬೇರೆ ಹೇಳಬೇಕಿಲ್ಲ.

ಹೊರಗಿನ ದುಡ್ಡು. ವಿದೇಶದಿಂದ ದೇಣಿಗೆ ಬರುವ ರಾಜ್ಯಗಳಲ್ಲಿ ಕರ್ನಾಟಕ ಮುಂದಿನ ಸಾಲಿನಲ್ಲಿದೆ, ಆದರೆ ಕಚೇರಿ ವಿಳಾಸ ನೋಡಿದರೆ ಬೆಂಗಳೂರು, ಬೆಂಗಳೂರು, ಬೆಂಗಳೂರು. ಮೊದಲು ದೊಡ್ಡ ಸಂಸ್ಥೆ ತನಗೆ ಬಂದಿದ್ದರಲ್ಲಿ ಒಂದು ಪಾಲು ಹೊಳೆನರಸೀಪುರದ್ದೋ ಕಡೂರಿನದ್ದೋ ಸಣ್ಣ ಸಂಸ್ಥೆಗೆ ಕೊಟ್ಟು ಕೆಲಸ ಮಾಡಿಸಬಹುದಿತ್ತು. ವಿದೇಶಿ ದೇಣಿಗೆ ಕಾಯ್ದೆಗೆ 2020ರ ತಿದ್ದುಪಡಿ ಬಂದ ಮೇಲೆ ಹಾಗೆ ದಾಟಿಸುವಂತಿಲ್ಲ. ಆಡಳಿತ ಖರ್ಚಿನ ಮಿತಿ ನೂರಕ್ಕೆ 50 ಇದ್ದದ್ದು 20ಕ್ಕೆ ಇಳಿಯಿತು, ದುಡ್ಡು ಮೊದಲು ದಿಲ್ಲಿಯ ಎಸ್‌ಬಿಐ ಶಾಖೆಗೇ ಬರಬೇಕು. ನಾನು ಇದ್ದ ಸಂಸ್ಥೆಯಲ್ಲಿ ಆ ವರ್ಷ ಹನ್ನೊಂದು ಜನರನ್ನು ತೆಗೆದರು. ನಾನು ಹನ್ನೆರಡನೆಯವನು, ತೆಗೆಯುವ ಮೊದಲೇ ಬಿಟ್ಟೆ.

ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ದುಡ್ಡು ಆ ಜಾಗ ತುಂಬುತ್ತದೆ ಎನ್ನುತ್ತಾರೆ. 2014ರಿಂದ ದೊಡ್ಡ ಕಂಪನಿಗಳು ಲಾಭದಲ್ಲಿ ನೂರಕ್ಕೆ 2 ಖರ್ಚು ಮಾಡಬೇಕು, ಸರಿ. ಆದರೆ ಕಂಪನಿ ತನ್ನ ಕಾರ್ಖಾನೆ ಇರುವ ಕಡೆ ಖರ್ಚು ಮಾಡುತ್ತದೆ. ಕಾಫಿ ತೋಟಕ್ಕೆ ಯಾವ ಕಾರ್ಖಾನೆ? ಜೊತೆಗೆ ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ಸಿಎಸ್‌ಆರ್-1 ಎಂಬ ಸಿಎಸ್‌ಆರ್ ನೋಂದಣಿ ಎಲ್ಲ ಇದ್ದವರಿಗೆ ಮಾತ್ರ. ಬೇಲೂರು ಅಕ್ಕನ ಮಂಡಳಿ ಆ ಬಾಗಿಲಿನ ಹತ್ತಿರಕ್ಕೂ ಹೋಗೋಕೆ ಆಗುವುದಿಲ್ಲ.

ಸಂತೆಪೇಟೆ

ಸರಿ ಸ್ವಾಮಿ, ಬೆರಳೆಣಿಕೆ ಅಂದಿದ್ದು ವಾಪಸ್ ತೆಗೆದುಕೊಳ್ಳುತ್ತೇನೆ. ಕಳ್ಳರ ವಿಷಯ ವಾಪಸ್ ತೆಗೆದುಕೊಳ್ಳುವುದಿಲ್ಲ. ಐನೂರು ರೂಪಾಯಿ ಹೋಗಿದ್ದು ನಮ್ಮದು. ಅವರದ್ದು ನೋಂದಣಿ ಇದೆಯೋ ಇಲ್ಲವೋ ಹೇಗೆ ನೋಡೋದು, ಅದನ್ನಾದರೂ ಹೇಳಿ.

ಲೆಕ್ಕದ ಮನುಷ್ಯ, ಚಿಕ್ಕಮಗಳೂರು

ರಶೀದಿ ಮೇಲೆ ನೋಂದಣಿ ಸಂಖ್ಯೆ ಇರುತ್ತದೆ, ಇಲ್ಲದಿದ್ದರೆ ಅಲ್ಲೇ ಅನುಮಾನ ಪಡಿ. ಇದ್ದರೆ ಡಿಆರ್ ಆಫೀಸಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 10 ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ದಾಟಬಾರದು, ಕಥೆ ಬರೆಯಬೇಡಿ. ಕೊನೆಯದಾಗಿ ಯಾವ ವರ್ಷದ ಲೆಕ್ಕ ಕೊಟ್ಟಿದ್ದಾರೆ, ಪದಾಧಿಕಾರಿಗಳು ಯಾರು ಅಂತ ಕೇಳಿ. ಟ್ರಸ್ಟ್ ಆದರೆ ಹೀಗೆ ಸುಲಭ ಇಲ್ಲ, ಸಬ್ ರಿಜಿಸ್ಟ್ರಾರ್ ಹತ್ತಿರ ಪತ್ರದ ನಕಲು ಸಿಗಬಹುದು, ಲೆಕ್ಕ ಸಿಗುವುದಿಲ್ಲ.

ಹಾಸನದ ಹುಡುಗಿಗೂ ಇದೇ ದಾರಿ. ರಾಜ್ಯ ಬಿಡಿ, ಒಂದು ತಾಲ್ಲೂಕು ತೆಗೆದುಕೊಳ್ಳಿ. ಪುಸ್ತಕದಲ್ಲಿ ಎಷ್ಟು, ಕಳೆದ ವರ್ಷ ಲೆಕ್ಕ ಕೊಟ್ಟವರು ಎಷ್ಟು, ಹೋಗಿ ನೋಡಿದರೆ ಬಾಗಿಲು ತೆರೆದಿರುವುದು ಎಷ್ಟು. ಮೂರು ಸಂಖ್ಯೆ ಪಕ್ಕಪಕ್ಕ ಇಟ್ಟರೆ ಮೇಡಂ ಬಾಯಿ ಮುಚ್ಚುತ್ತಾರೆ. ಕ್ಷಮಿಸಿ, ಮೆಚ್ಚುತ್ತಾರೆ ಅಂತ ಬರೆಯೋಕೆ ಹೋದೆ.

ಹಾಸನದ ಹುಡುಗಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ನಾನು ಎರಡು ಸಲ ಓದಿದೆ. ಮೇಡಂ ಹತ್ತಿರ ಮಾತಾಡಿದೆ, ಒಂದೇ ತಾಲ್ಲೂಕು ಮಾಡು ಅಂದರು. ದೇವಸ್ಥಾನ ಸೇರಿಸಬೇಕಾ ಅಂತಲೂ ಕೇಳಿದೆ, ಒಂದು ನಿಮಿಷ ಸುಮ್ಮನಿದ್ದು "ಅಡಿಟಿಪ್ಪಣಿಯಲ್ಲಿ ಹಾಕು" ಅಂದರು. ಬೇಲೂರು ತಾಲ್ಲೂಕನ್ನೇ ತೆಗೆದುಕೊಳ್ಳುತ್ತೇನೆ. ಸೋಮವಾರ ಡಿಆರ್ ಆಫೀಸಿಗೆ ಹೋಗಿ ಪಟ್ಟಿ ಕೇಳುತ್ತೇನೆ, ಕೊಡದಿದ್ದರೆ ಪೋಸ್ಟಲ್ ಆರ್ಡರ್.

ಅಕ್ಕ, ನಿಮ್ಮ ಮಂಡಳಿಯನ್ನು ಮೊದಲನೆಯದಾಗಿ ಬರೆಯಲಾ? ಆ ಟ್ರಂಕು ನೋಡೋಕೆ ಬರಬಹುದಾ?

ಬೇಲೂರು ಕಡೆಯವಳು

ಬಾಮ್ಮ, ಧಾರಾಳವಾಗಿ ಬಾ. ಗುರುವಾರ ಬಂದರೆ ಎಲ್ಲರೂ ಸಿಗುತ್ತಾರೆ, ಅವತ್ತು ಕಂತು ಕಟ್ಟೋ ದಿನ. ಆದರೆ ಒಂದು ದಿನ ಮುಂಚೆ ಹೇಳು, ಟ್ರಂಕಿನ ಬೀಗದ ಕೈ ನಮ್ಮ ನಾದಿನಿ ಹತ್ತಿರ ಇದೆ, ಅವಳು ಹಳೇಬೀಡಲ್ಲಿರುವುದು.